ಸಾಮಾನಿಗೆ ಎಸಿ ಗೋಡೌನ್ ಬೇಕಾ? ನಾಲ್ಕು ಡಬ್ಬಕ್ಕೆ ಬೇಕು, ನಲವತ್ತಕ್ಕೆ ಬೇಡ

ಒಂದೂವರೆ ವರ್ಷದ ಮಟ್ಟಿಗೆ ಬೆಂಗಳೂರು ಬಿಟ್ಟು ಹೋಗುವಾಗ ನಾವು ಇಡೀ ಮನೆ ಸಾಮಾನನ್ನು ಊರಾಚೆ ಒಂದು ಗೋಡೌನ್‌ನಲ್ಲಿ ಇಟ್ಟಿದ್ದೆವು. ಸಾದಾ ಗೋಡೌನ್, ಮೇಲೆ ಶೀಟು. ವಾಪಸ್ ಬಂದು ನೋಡಿದರೆ ಮಂಚ, ಬೀರು, ಪಾತ್ರೆ, ವಾಷಿಂಗ್ ಮಷೀನ್ ಎಲ್ಲ ಇಟ್ಟ ಹಾಗೇ ಇದ್ದವು. ಹಾಳಾಗಿದ್ದು ಮೂರೇ. ಅಮ್ಮನ ವೀಣೆ, ಎರಡು ರೇಷ್ಮೆ ಸೀರೆ, ಮದುವೆ ಆಲ್ಬಂ. ಆದರೆ ಅಂಗಡಿಗೆ ಹೋಗಿ ಮತ್ತೆ ತರೋಕೆ ಆಗದೇ ಇರೋದು ಅವೇ ಅಲ್ವಾ?

ಆಲ್ಬಂನಲ್ಲಿ ಫೋಟೊದ ಮೇಲಿನ ಪದರ ತೇವ ಕುಡಿದು ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡಿತ್ತು. ನಿಧಾನಕ್ಕೆ ಬಿಡಿಸಿದೆ. ಅಜ್ಜಿಯ ಸೀರೆ ಕಾಗದದ ಮೇಲೆ ಉಳಿಯಿತು, ಮುಖ ಪ್ಲಾಸ್ಟಿಕ್ ಜೊತೆ ಎದ್ದು ಬಂತು.

ಅದಕ್ಕೇ ಇದನ್ನು ಬರೀತಿದ್ದೇನೆ. ಎಸಿ ಇರುವ ಜಾಗಕ್ಕೆ ಬಾಡಿಗೆ ಜಾಸ್ತಿ. ಕೊಡಬೇಕಾ ಬೇಡವಾ ಅನ್ನೋದನ್ನು ಗೋಡೌನ್‌ನವರು ತೋರಿಸುವ ಫೋಟೊ ನೋಡಿ ತೀರ್ಮಾನಿಸಬೇಡಿ, ನಿಮ್ಮ ಸಾಮಾನು ನೋಡಿ ತೀರ್ಮಾನಿಸಿ.

ಮೊದಲು ತಿಂಗಳು ಎಣಿಸಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಹಾಗಾಗಿ ಇಲ್ಲಿನ ಸೆಖೆ ಮಂಗಳೂರಿನ ಸೆಖೆಯಲ್ಲ. ಏಪ್ರಿಲ್‌ನಲ್ಲಿ ಸಾಮಾನ್ಯವಾಗಿ 34 ಡಿಗ್ರಿ ಹತ್ತಿರ ಹೋಗುತ್ತೆ, 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತು. ಶೀಟಿನ ಕೆಳಗೆ ಮಾತ್ರ ಹೊರಗಿಗಿಂತ ಎಷ್ಟೋ ಹೆಚ್ಚು ಕಾಯುತ್ತೆ. ಆದರೂ ನಮ್ಮೂರಲ್ಲಿ ಸಾಮಾನು ಕೆಡಿಸೋದು ಹೆಚ್ಚಾಗಿ ಬಿಸಿಲಲ್ಲ, ತೇವ. ಜೂನ್‌ನಿಂದ ಶುರುವಾಗಿ ಸೆಪ್ಟೆಂಬರ್, ಅಕ್ಟೋಬರ್ ಜೋರು ಮಳೆ ಮುಗಿಯೋ ತನಕ ಗಾಳಿಯಲ್ಲಿ ಪಸೆ ಇದ್ದೇ ಇರುತ್ತೆ. ನೀವು ಡಿಸೆಂಬರ್‌ನಲ್ಲಿ ಇಟ್ಟು ಮಾರ್ಚ್‌ನಲ್ಲಿ ತೆಗೆಯೋರಾದರೆ ಸುಮ್ನೆ ಎಸಿಗೆ ದುಡ್ಡು ಕೊಡಬೇಡಿ. ಮಧ್ಯೆ ಒಂದು ಮಳೆಗಾಲ ಬರುತ್ತೆ ಅಂದರೆ ಮಾತ್ರ ಮುಂದಕ್ಕೆ ಯೋಚಿಸಿ.

ಆಮೇಲೆ ಸಾಮಾನು ಬೇರೆ ಮಾಡಿ. ಸ್ಟೀಲ್, ಗಾಜು, ಪ್ಲಾಸ್ಟಿಕ್, ಕಬ್ಬಿಣದ ಬೀರು, ಗ್ಯಾಸ್ ಸ್ಟೌ, ಸೈಕಲ್, ಇವಕ್ಕೆ ಬೇಡವೇ ಬೇಡ. ಸಾಗುವಾನಿ ಮಂಚಕ್ಕೂ ಬೇಡ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಇಟ್ಟರೆ ಸಾಕು. ಪಾರ್ಟಿಕಲ್ ಬೋರ್ಡ್ ಮೇಜು ತೇವಕ್ಕೆ ಊದಿಕೊಳ್ಳುತ್ತೆ, ರೆಕ್ಸಿನ್ ಸೋಫಾ ಸಿಪ್ಪೆ ಏಳುತ್ತೆ, ನಿಜ. ಆದರೆ ಅವಕ್ಕೆ ಬಾಡಿಗೆ ಕಟ್ಟೋ ಬದಲು ಮಾರಿಬಿಡಿ. ಮನೆ ಪತ್ರ, ಮಾರ್ಕ್ಸ್ ಕಾರ್ಡ್ ಯಾವ ಗೋಡೌನ್‌ಗೂ ಹೋಗಬಾರದು, ಬ್ಯಾಂಕ್ ಲಾಕರ್‌ಗೆ ಹೋಗಲಿ.

ಉಳಿಯೋದು ಹಳೇ ಫೋಟೊ, ನೆಗೆಟಿವ್, ಕ್ಯಾಸೆಟ್, ಪುಸ್ತಕ, ರೇಷ್ಮೆ ಸೀರೆ, ಚರ್ಮದ ವಸ್ತು, ಕ್ಯಾಮೆರಾ ಲೆನ್ಸ್, ವಾದ್ಯ. ನಮ್ಮ ವೀಣೆಗೆ ಮಾತ್ರ ತೇವಕ್ಕಿಂತ ಬಿಸಿಯೇ ಹೊಡೆತ ಕೊಟ್ಟಿತ್ತು. ವೀಣೆಯ 24 ಹಿತ್ತಾಳೆ ಮೆಟ್ಟಿಲು ನಿಲ್ಲೋದು ಮೇಣದ ಮೇಲೆ. ಶೀಟಿನ ಕಾವಿಗೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಜರುಗಿ ಒಂದೊಂದೂ ಒಂದೊಂದು ಕಡೆ ವಾಲಿದ್ದವು. ಹೊಸದಾಗಿ ಮೇಳ ಕಟ್ಟಿಸಬೇಕಾಯಿತು, ಅಂದರೆ ಮೆಟ್ಟಿಲುಗಳನ್ನೆಲ್ಲ ಮತ್ತೆ ಮೇಣದಲ್ಲಿ ಕೂರಿಸಬೇಕಾಯಿತು. ಈ ಥರದ ಸಾಮಾನನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ನೋಡಿ, ಸಾಮಾನ್ಯವಾಗಿ ನಾಲ್ಕೈದು ಡಬ್ಬ ಆಗುತ್ತೆ, ಅಷ್ಟೇ. ಡಬ್ಬದ ಲೆಕ್ಕದಲ್ಲಿ ಬಾಡಿಗೆ ತಗೊಳ್ಳುವ ಕಡೆ ಅಷ್ಟನ್ನು ಮಾತ್ರ ಎಸಿಗೆ ಹಾಕಿ, ಮಿಕ್ಕಿದ್ದು ಸಾದಾ ಜಾಗಕ್ಕೆ ಹೋಗಲಿ. ಇಡೀ ಮನೆಗೆ ಸೇರಿಸಿ ಎಸಿ ತಗೊಳ್ಳಿ ಅಂತ ಒತ್ತಾಯ ಮಾಡಿದರೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಬರೀ ಸಾವಿರ ರೂಪಾಯಿ ಜಾಸ್ತಿ ಅಂದುಕೊಳ್ಳಿ. 18 ತಿಂಗಳಿಗೆ 18,000 ಆಯಿತು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 21,240. ಅಷ್ಟು ದುಡ್ಡು ಪಾತ್ರೆ ಪಗಡೆಯನ್ನು ತಣ್ಣಗಿಡೋಕೆ ಯಾಕೆ?

ಈಗ ಎಲ್ಲರೂ ಎಡವುವ ಜಾಗಕ್ಕೆ ಬರ್ತೀನಿ. ಎಸಿ ಇದೆ ಅಂದ ಮಾತ್ರಕ್ಕೆ ಒಣಗಿದೆ ಅಂತಲ್ಲ. ಎಸಿ ಗಾಳಿಯಿಂದ ನೀರು ತೆಗೆಯೋದು ಕಂಪ್ರೆಸರ್ ಓಡುವಾಗ ಮಾತ್ರ. ಜುಲೈನಲ್ಲಿ ಬೆಂಗಳೂರು ತಾನೇ ತಣ್ಣಗಿರುತ್ತೆ, ಹಗಲು 28, ರಾತ್ರಿ 20 ಡಿಗ್ರಿ ಆಸುಪಾಸು. 25ಕ್ಕೆ ಇಟ್ಟ ಎಸಿ ಆಗ ಎಷ್ಟು ಹೊತ್ತು ಓಡುತ್ತೆ ಹೇಳಿ. ಐದು ನಿಮಿಷ ಓಡಿ ಕಟ್ ಆಗುತ್ತೆ, ತೇವ ಅಲ್ಲೇ ಉಳಿಯುತ್ತೆ. ಅಂದರೆ ನಮಗೆ ಅದು ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ಅದು ಅತಿ ಕಡಿಮೆ ಕೆಲಸ ಮಾಡುತ್ತೆ. ಅದಕ್ಕೇ ನೀವು ಕೇಳಬೇಕಾದ್ದು "ಎಸಿ ಇದೆಯಾ" ಅಂತಲ್ಲ, "ಮಳೆಗಾಲದಲ್ಲಿ ತೇವಾಂಶ ಎಷ್ಟು ಪರ್ಸೆಂಟ್‌ನಲ್ಲಿ ಇಟ್ಟಿರ್ತೀರಾ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಮಷೀನ್) ಇದೆಯಾ" ಅಂತ. ಶೇ 60ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯೋದು ಕಷ್ಟ. 70 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಬಟ್ಟೆ, ಚರ್ಮ, ಪುಸ್ತಕದ ಬೆನ್ನು ಎಲ್ಲದರ ಮೇಲೂ ಬರುತ್ತೆ. ಮಾಮೂಲಿ ನೀರಿನ ಕೂಲರ್ ಇಟ್ಟಿದ್ದರಂತೂ ಅಲ್ಲಿಂದ ಎದ್ದು ಬನ್ನಿ, ಅದು ತೇವ ತೆಗೆಯಲ್ಲ, ಸೇರಿಸುತ್ತೆ.

ಮಾತು ನಂಬಬೇಡಿ, ಹೋಗಿ ನೋಡಿ. ಸಾಧ್ಯವಾದರೆ ಮಳೆ ಬಂದ ಮಾರನೇ ದಿನವೇ ಹೋಗಿ. ತಾಪ, ತೇವ ಎರಡೂ ತೋರಿಸುವ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಅದನ್ನು ತಗೊಂಡು ಹೋಗಿ, ನಿಮಗೆ ಕೊಡುವ ಜಾಗದಲ್ಲೇ ಇಟ್ಟು ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಸುತ್ತ ನೋಡಿ. ಮೂಲೆಯಲ್ಲಿ ಗೋಡೆ ಉಪ್ಪು ಬಿಟ್ಟಿದೆಯಾ, ಮುಗ್ಗಲು ವಾಸನೆ ಬರ್ತಿದೆಯಾ, ಕೆಳಗಿನ ಸಾಲಿನ ರಟ್ಟಿನ ಡಬ್ಬ ಮೆತ್ತಗಾಗಿದೆಯಾ. ರಾತ್ರಿ ಮತ್ತು ಭಾನುವಾರ ಮಷೀನ್ ಆಫ್ ಮಾಡ್ತಾರಾ, ಕರೆಂಟ್ ಹೋದರೆ ಜನರೇಟರ್ ಇದಕ್ಕೂ ಬರುತ್ತಾ ಅಥವಾ ಬರೀ ಲೈಟಿಗಾ, ಬಿಡದೇ ಕೇಳಿ. ಬೇಸ್‌ಮೆಂಟ್ ಆದರೆ ಎಂಥ ಎಸಿ ಇದ್ದರೂ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಿಗೆ ನೀರು ನುಗ್ಗಿದ್ದು ನೆನಪಿದೆ ಅಲ್ವಾ?

ಒಪ್ಪಂದದ ಕಾಗದವನ್ನೂ ಓದಿ. ಇನ್ಶೂರೆನ್ಸ್ ಇದೆ ಅಂತಾರೆ, ಅದರಲ್ಲಿ ಬೆಂಕಿ, ಕಳವು ಇರುತ್ತೆ. ತೇವ, ಬೂಷ್ಟು, ಹುಳದ ಹಾನಿ ಸೇರಿದೆಯಾ ನೋಡಿ. ತೇವಾಂಶದ ಮಿತಿ ಬಾಯಲ್ಲಿ ಹೇಳಿದ್ದರೆ ಕಾಗದದಲ್ಲೂ ಬರೆಸಿಕೊಳ್ಳಿ.

ಇನ್ನು ಪ್ಯಾಕಿಂಗ್. ನಮ್ಮ ಸೀರೆ ಕೆಟ್ಟಿದ್ದಕ್ಕೆ ಗೋಡೌನ್ ಒಂದೇ ಕಾರಣ ಅಲ್ಲ. ಜಡಿಮಳೆಯ ದಿನ ಪ್ಯಾಕರ್ಸ್ ಹುಡುಗರು ಎಲ್ಲವನ್ನೂ ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿದ್ದರು. ಅವತ್ತಿನ ತೇವ ಒಳಗೇ ಕೂತಿತ್ತು. ಹಾಗೆ ಸುತ್ತಿದ ಗಂಟನ್ನು ಎಂಥ ಒಳ್ಳೆ ಜಾಗದಲ್ಲಿ ಇಟ್ಟರೂ ಉಪಯೋಗ ಇಲ್ಲ. ಸೀರೆ, ಪುಸ್ತಕವನ್ನು ಎರಡು ದಿನ ಫ್ಯಾನ್ ಕೆಳಗೆ ಹರಡಿ. ಸೀರೆಯನ್ನು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿದರೆ ಜರಿಗೆ ತಾಗದ ಹಾಗೆ ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡಿ. ಫೋಟೊಗಳನ್ನು ಆಲ್ಬಂನಿಂದ ತೆಗೆದು ಮಧ್ಯೆ ಮಧ್ಯೆ ಕಾಗದ ಇಡಿ, ಅದಕ್ಕೂ ಮುಂಚೆ ಒಂದೊಂದನ್ನೂ ಸ್ಕ್ಯಾನ್ ಮಾಡಿಸಿ. ಫ್ರಿಜ್ ಒರೆಸಿ ಒಣಗಿಸಿ, ಬಾಗಿಲ ಸಂದಿಗೆ ಬಟ್ಟೆ ಸುರುಳಿ ಸಿಕ್ಕಿಸಿ.

ಕೊನೆಗೆ, ದುಡ್ಡೇ ಬೇಡದ ಒಂದು ದಾರಿ ಇದೆ. ಜನ ಓಡಾಡೋ ಮನೆ. ದಿನಾ ಕಿಟಕಿ ತೆಗೆದು, ಫ್ಯಾನ್ ಹಾಕಿ, ಯಾರಾದರೂ ಆಗಾಗ ಬೀರು ತೆರೆದು ಮುಚ್ಚುವ ಮನೆಯಲ್ಲಿ ಬೂಷ್ಟಿಗೆ ಅಷ್ಟು ಸುಲಭವಾಗಿ ಜಾಗ ಸಿಗಲ್ಲ. ನಾಲ್ಕು ಡಬ್ಬ ಇಟ್ಕೊಳ್ಳಿ ಅಂತ ಕೇಳೋಕೆ ಸಂಕೋಚ ಪಡಬೇಡಿ. ನಾವು ಮುಂದಿನ ವರ್ಷ ಮತ್ತೆ ಹೊರಡ್ತಿದ್ದೇವೆ. ಸೀರೆ, ಫೋಟೊ ಡಬ್ಬಗಳು ಮೀಟರ್ ಇಟ್ಟು ನೋಡಿದ ಒಂದು ಜಾಗಕ್ಕೆ ಹೋಗ್ತವೆ. ವೀಣೆಯನ್ನು ಈಗಲೇ ಮಲ್ಲೇಶ್ವರದ ದೊಡ್ಡಮ್ಮನ ಮನೆಗೆ ಕೊಟ್ಟಾಯಿತು, ಅವರ ಮೊಮ್ಮಗಳು ವಾರಕ್ಕೆ ಎರಡು ಸಲ ಅದರ ಮೇಲೆ ಪಾಠ ಹೇಳಿಸಿಕೊಳ್ತಿದ್ದಾಳೆ.