ವರ್ಗಮೂಲವನ್ನು ಅರ್ಧಕ್ಕೇ ನಿಲ್ಲಿಸದಿರಲು

ವರ್ಗಮೂಲವನ್ನು ಸರಳ ರೂಪಕ್ಕೆ ತರುವ ಮೊದಲು ಸಂಖ್ಯೆಯ ಬಿಡಿ ಸ್ಥಾನವನ್ನು ಗಮನಿಸುವ ರೂಢಿಯನ್ನು ಮಕ್ಕಳಿಗೆ ಮಾಡಿಸಿ. ಅಲ್ಲಿ 2, 3, 7 ಅಥವಾ 8 ಇದ್ದರೆ ಅದು ಪೂರ್ಣ ವರ್ಗವಾಗಿರಲು ಸಾಧ್ಯವೇ ಇಲ್ಲ. ಇದರ ವಿಲೋಮ ನಿಜವಲ್ಲ: 54 ನಾಲ್ಕರಲ್ಲಿ ಕೊನೆಗೊಂಡರೂ ಪೂರ್ಣ ವರ್ಗವಲ್ಲ.

√432 ಅನ್ನು ತೆಗೆದುಕೊಳ್ಳಿ. ಅನೇಕರು ಇದನ್ನು 4 × 108 ಎಂದು ಒಡೆದು, 2√108 ಎಂದು ಬರೆದು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ 108ರೊಳಗೆ 36 ಎಂಬ ಇನ್ನೊಂದು ಪೂರ್ಣ ವರ್ಗ ಅಡಗಿರುವುದರಿಂದ ಆ ಉತ್ತರ ಅಪೂರ್ಣ. ಅತಿ ದೊಡ್ಡ ವರ್ಗ ಅಪವರ್ತನವಾದ 144 ತಕ್ಷಣ ಹೊಳೆಯದಿದ್ದರೆ ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದೇ ಲೇಸು: ನಾಲ್ಕು 2ಗಳು, ಮೂರು 3ಗಳು. ಪ್ರತಿ ಜೋಡಿಯಿಂದ ಒಂದೊಂದನ್ನು ಹೊರತಂದರೆ 2 × 2 × 3 ಆಗಿ, ಒಳಗೆ ಒಂಟಿ 3 ಉಳಿದು, 12√3 ದೊರೆಯುತ್ತದೆ. 1ರಿಂದ 25ರವರೆಗಿನ ವರ್ಗಗಳು ಬಾಯಿಪಾಠವಾಗಿದ್ದರೆ (ಮಗ್ಗಿಯಷ್ಟೇ ಅವೂ ಮುಖ್ಯವೆಂಬುದು ನನ್ನ ಅಭಿಪ್ರಾಯ) ಇಷ್ಟು ಒಡೆಯುವ ಅಗತ್ಯವೂ ಅಪರೂಪ.