ಒಂದು ಮೂಟೆ ಸಿಮೆಂಟಿಗೆ 38,000 ರೂಪಾಯಿ

ಸಿಮೆಂಟ್, ಕಬ್ಬಿಣ, ಪೈಪು ಮಾರುವ ಒಂದು ಸಗಟು ಅಂಗಡಿಗೆ ಎಐ ಏಜೆಂಟ್ ಮಾಡಿಕೊಟ್ಟಿದ್ದೆ. ಚಿಲ್ಲರೆ ಅಂಗಡಿಯವರು ಮೆಸೇಜ್ ಹಾಕಿದರೆ ಸ್ಟಾಕ್ ಎಷ್ಟಿದೆ, ಲೋಡ್ ಎಲ್ಲಿದೆ, ಬಾಕಿ ಎಷ್ಟು ಅಂತ ಅದು ಹೇಳಬೇಕು. ಎರಡನೇ ದಿನವೇ ಒಂದು ಮೂಟೆ ಸಿಮೆಂಟಿಗೆ 38,000 ರೂಪಾಯಿ ಅಂದುಬಿಟ್ಟಿತು. ಮಾಲೀಕರು ಫೋನ್ ಮಾಡಿ, "ಏನ್ ಸಾರ್, ಸಿಮೆಂಟಾ ಬೆಳ್ಳಿನಾ?" ಅಂದರು.

ತಪ್ಪು ನನ್ನದೇ. ಡೇಟಾಬೇಸಿನಲ್ಲಿ ಬೆಲೆಯನ್ನು ಪೈಸೆಯಲ್ಲಿ ಇಟ್ಟಿದ್ದೆ. ಬೆಲೆ, ಸ್ಟಾಕ್ ತಿಳಿಯಲು ಏಜೆಂಟ್ ಕರೆಯುವ ಕೋಡಿನ ತುಂಡಿಗೆ ಟೂಲ್ ಅನ್ನುತ್ತಾರೆ. ಅದರ ವಿವರಣೆಯಲ್ಲಿ ಬರೆದಿದ್ದು "ಬೆಲೆ ಕೊಡುತ್ತದೆ" ಅಂತ ಮಾತ್ರ. ಪೈಸೆ ಅಂತ ನನಗೆ ಗೊತ್ತಿತ್ತು, ಏಜೆಂಟಿಗೆ ಹೇಗೆ ಗೊತ್ತಾಗಬೇಕು?

ನಾವು ಬರೆದ ಕೋಡ್ ಏಜೆಂಟಿನ ಹಿಂದಿರುವ ಎಐ ಮಾಡೆಲ್‌ಗೆ ಕಾಣುವುದಿಲ್ಲ. ಟೂಲಿನ ಹೆಸರು, ನಾಲ್ಕು ಸಾಲು ವಿವರಣೆ, ಏನೇನು ಇನ್‌ಪುಟ್ ಕೊಡಬೇಕು ಅನ್ನುವ ಸ್ಕೀಮಾ, ಅಷ್ಟೇ ಅದರ ಕೈಗೆ ಸಿಗುವುದು. 2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ (ಮಾಡೆಲ್ ಇಂಥ ಟೂಲ್ ಕರೆಯುವ ಸೌಲಭ್ಯ) ತಂದಾಗಲೂ ಹೀಗೇ ಇತ್ತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್‌ನ ಎಂಸಿಪಿ (ಟೂಲ್‌ಗಳನ್ನು ಮಾಡೆಲ್‌ಗೆ ಜೋಡಿಸುವ ಒಂದು ಸಾಮಾನ್ಯ ಪದ್ಧತಿ) ಬಂದ ಮೇಲೂ ಹೀಗೇ ಇದೆ.

ಮೊದಲು "ಬೆಲೆ ಪೈಸೆಯಲ್ಲಿದೆ, 100ರಿಂದ ಭಾಗಿಸು" ಅಂತ ಬರೆದೆ. ಆಮೇಲೆ ನಾಚಿಕೆಯಾಯಿತು. ಆ ಲೆಕ್ಕ ಕೋಡೇ ಮಾಡಬಹುದಲ್ವಾ? ಟೂಲೇ ರೂಪಾಯಿಯಲ್ಲಿ ಕೊಡುವ ಹಾಗೆ ಮಾಡಿ, ಫೀಲ್ಡಿನ ಹೆಸರನ್ನು 'ಪ್ರೈಸ್_ಇನ್_ರುಪೀಸ್' ಅಂತ ಬದಲಾಯಿಸಿದೆ. ವಿವರಣೆಯ ಆ ಸಾಲೇ ಬೇಡವಾಯಿತು.

ಜಾಸ್ತಿ ಕಾಡಿದ್ದು ಆರ್ಡರ್ ಹುಡುಕುವ ಟೂಲ್‌ಗಳು. 'ಗೆಟ್_ಆರ್ಡರ್', 'ಸರ್ಚ್_ಆರ್ಡರ್' ಅಂತ ಎರಡಿದ್ದವು. ಅಂಗಡಿಯವರ ಕೈಯಲ್ಲಿ ಇರುವುದು ಬಿಲ್ ನಂಬರ್. ಏಜೆಂಟ್ ಅದನ್ನೇ ಆರ್ಡರ್ ನಂಬರ್ ಅಂದುಕೊಂಡು ಮೊದಲನೆಯದಕ್ಕೆ ಕೊಡುತ್ತಿತ್ತು. ಅಲ್ಲಿಂದ 404, ಅಂದರೆ 'ಸಿಗಲಿಲ್ಲ' ಅನ್ನುವ ಎರರ್, ಬರುತ್ತಿತ್ತು. "ನಿಮ್ಮ ಆರ್ಡರ್ ಇಲ್ಲವೇ ಇಲ್ಲ" ಅಂತ ಗಿರಾಕಿಗೆ ಹೇಳಿ ಕೈತೊಳೆದುಕೊಳ್ಳುತ್ತಿತ್ತು. ದುಡ್ಡು ಕಟ್ಟಿದವರಿಗೆ ಸಿಟ್ಟು ಬರದೆ ಇರುತ್ತದೆಯೇ?

ಈಗ ಮೊದಲನೆಯದರ ವಿವರಣೆಯಲ್ಲಿ ಯಾವಾಗ ಬಳಸಬಾರದು ಅನ್ನುವುದೂ ಇದೆ: "ಆರ್ಡರ್ ನಂಬರ್ ಗೊತ್ತಿದ್ದರೆ ಮಾತ್ರ ಬಳಸು. ಬಿಲ್ ನಂಬರ್ ಅಥವಾ ಅಂಗಡಿ ಹೆಸರು ಇದ್ದರೆ ಸರ್ಚ್_ಆರ್ಡರ್ ಬಳಸು." 404 ಬದಲು, "ಈ ನಂಬರಿನ ಆರ್ಡರ್ ಸಿಗಲಿಲ್ಲ, ಇದು ಬಿಲ್ ನಂಬರ್ ಇರಬಹುದು, ಸರ್ಚ್_ಆರ್ಡರ್‌ನಲ್ಲಿ ಹುಡುಕು" ಅಂತ ಬರುತ್ತದೆ. ಮಾಡೆಲ್ ಎರರ್ ಮೆಸೇಜನ್ನೂ ಓದುತ್ತದೆ ಅನ್ನುವುದು ನನಗೆ ಹೊಳೆದದ್ದು ತಡವಾಗಿ.

ಆಮೇಲೆ ಉತ್ಸಾಹ ಹೆಚ್ಚಾಗಿ ಒಂದೊಂದು ಟೂಲಿಗೂ ಒಂದು ಪುಟ ಬರೆದೆ. ಅದೂ ದಂಡ. ಮಾಡೆಲ್‌ಗೆ ಪ್ರತಿ ಸಲ ಕೇಳಿದಾಗಲೂ ಅಷ್ಟೂ ವಿವರಣೆ ಜೊತೆಗೇ ಹೋಗುತ್ತದೆ, ಟೋಕನ್ (ಮಾಡೆಲ್ ಓದುವ ಪದದ ತುಂಡು) ಖರ್ಚು ಏರುತ್ತದೆ. ಇನ್ನೊಂದು ತಮಾಷೆ ಕೇಳಿ. ಗೋಡೌನ್ ಅನ್ನುವ ಇನ್‌ಪುಟ್‌ಗೆ ಸುಮ್ನೆ 'ಉದಾಹರಣೆ: ತುಮಕೂರು' ಅಂತ ಬರೆದಿದ್ದೆ. ಗಿರಾಕಿ ಗೋಡೌನ್ ಹೆಸರೇ ಹೇಳದಿದ್ದರೂ ಏಜೆಂಟ್ ತುಮಕೂರಿನ ಸ್ಟಾಕನ್ನೇ ಹೇಳತೊಡಗಿತು. ಉದಾಹರಣೆ ತೆಗೆದು, ಇರುವ ನಾಲ್ಕೂ ಗೋಡೌನ್‌ಗಳ ಹೆಸರನ್ನು ಈನಮ್ (ಇವುಗಳಲ್ಲೇ ಒಂದನ್ನು ಆರಿಸಬೇಕು ಅನ್ನುವ ಪಟ್ಟಿ) ಆಗಿ ಕೊಟ್ಟೆ. "ಗಿರಾಕಿ ಹೇಳದಿದ್ದರೆ ಕೇಳು, ಊಹಿಸಬೇಡ" ಅಂತ ಸೇರಿಸಿದೆ.

ಈಗ ಅಂಗಡಿಯವರು ನಿಜವಾಗಿ ಕಳಿಸಿದ ಮೂವತ್ತು ಮೆಸೇಜ್ ಇಟ್ಟುಕೊಂಡಿದ್ದೇನೆ. ವಿವರಣೆಯ ಒಂದು ಪದ ತಿದ್ದಿದರೂ ಮೂವತ್ತನ್ನೂ ಮತ್ತೆ ಓಡಿಸಿ, ಯಾವ ಟೂಲ್ ಕರೆಯಿತು, ಏನು ಕೊಟ್ಟಿತು ಅಂತ ನೋಡುತ್ತೇನೆ.

ಅದಕ್ಕಿಂತ ಮುಂಚೆ ಇನ್ನೊಂದು ಪರೀಕ್ಷೆ ಇದೆ. ಅಂಗಡಿಯಲ್ಲಿ ಬಿಲ್ ಹಾಕುವ ಮೇಡಂಗೆ ವಿವರಣೆ ಓದಿ ಹೇಳುತ್ತೇನೆ. 'ಗಿರಾಕಿಯ ಬಾಕಿ ಮೊತ್ತ ಕೊಡುತ್ತದೆ' ಅಂತ ಓದಿದಾಗ ಅವರು, "ಚೆಕ್ ಕೊಟ್ಟು ಇನ್ನೂ ಪಾಸ್ ಆಗದೆ ಇರೋದು ಇದರಲ್ಲಿ ಸೇರುತ್ತಾ ಸಾರ್?" ಅಂತ ಕೇಳಿದರು. ನನಗೇ ಗೊತ್ತಿರಲಿಲ್ಲ. ಕೋಡ್ ತೆಗೆದು ನೋಡಬೇಕಾಯಿತು.