ಆರೂವರೆ ಕೆಜಿಯ ಒಂದೇ ಬ್ಯಾಗು: ಡೊಂಬಿವಲಿಯಿಂದ ವೆರ್ಣಾವರೆಗೆ

ಕಳೆದ ಜುಲೈನಲ್ಲಿ ಗೋವಾದ ವೆರ್ಣಾದಲ್ಲಿ ಒಂದು ಔಷಧ ಕಾರ್ಖಾನೆಯ ಪ್ಯಾಕಿಂಗ್ ಲೈನ್ ರಾತ್ರಿ ಹತ್ತೂವರೆಗೆ ನಿಂತುಬಿಟ್ಟಿತು. ಯಂತ್ರವನ್ನು ನಡೆಸುವ ಕಂಪ್ಯೂಟರ್ ಆದ ಪಿಎಲ್‌ಸಿಗೂ ಮೋಟರ್ ಓಡಿಸುವ ಡ್ರೈವ್‌ಗೂ ಮಾತುಕತೆ ಇಲ್ಲ. ಹೊರಗೆ ಮಳೆ ಅಂದ್ರೆ ಮಳೆ. ನಾನು ಬ್ಯಾಗ್ ತೆರೆದು ನೀಲಿ ಚೀಲ ಒಂದನ್ನೇ ಹೊರಗೆ ತೆಗೆದೆ. ಲ್ಯಾಪ್‌ಟಾಪನ್ನು ಇಂಥ ಯಂತ್ರಗಳಿಗೆ ಜೋಡಿಸುವ ಕನ್ವರ್ಟರ್, ಕೇಬಲ್, ಹಣೆಗೆ ಕಟ್ಟುವ ಟಾರ್ಚು, ಮೀಟರು ಎಲ್ಲಾ ಅದರಲ್ಲೇ ಇತ್ತು. ಅವೆರಡೂ ಮಾತಾಡುವ ಆರ್‌ಎಸ್-485 ಅನ್ನುವ ತಂತಿಯ ಕೊನೆಯಲ್ಲಿದ್ದ 120 ಓಮ್ ರೆಸಿಸ್ಟರ್‌ನ ಕಾಲು ಮುರಿದಿತ್ತು. ಅಂಥದ್ದೇ ಹೊಸದೊಂದು ನನ್ನ ಚೀಲದಲ್ಲಿತ್ತು. ಹನ್ನೊಂದೂಕಾಲಿಗೆ ಲೈನ್ ಓಡಿತು. ಒಂದೆರಡು ರೂಪಾಯಿಯ ರೆಸಿಸ್ಟರ್ ಅದು, ಆದರೆ ಆ ಹೊತ್ತಿನಲ್ಲಿ ಅಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ.

ಇದನ್ನು ಬರೆಯಲು ಕಾರಣ ಇದೆ. ಊರೂರಿನ ಕಾರ್ಖಾನೆಗೆ ಹೋಗಿ ಯಂತ್ರ ಸರಿ ಮಾಡುವುದು ನನ್ನ ಕೆಲಸ. ಒಂದೇ ಬ್ಯಾಗಿನಲ್ಲಿ ಈ ಸರ್ವಿಸ್ ಕೆಲಸ ಆಗಲ್ಲ ಅಂತ ಮೂರು ವರ್ಷ ಕೇಳಿಸಿಕೊಂಡಿದ್ದೇನೆ. ನಮ್ಮ ಸೀನಿಯರ್ ಒಬ್ಬರು, ಅವರೂ ಹುಬ್ಬಳ್ಳಿ ಕಡೆಯವರೇ, ಪುಣೆಯಲ್ಲಿದ್ದಾರೆ, ಹೋದಲ್ಲೆಲ್ಲಾ ಹದಿನೆಂಟು ಕೆಜಿಯ ಟ್ರಾಲಿ ಎಳೆದುಕೊಂಡು ಬರುತ್ತಾರೆ. "ಕಸ್ಟಮರ್ ಮುಂದೆ ಕೈ ಖಾಲಿ ಆದ್ರೆ ಏನ್ಮಾಡ್ತೀ" ಅನ್ನುವುದು ಅವರ ಮಾತು. ನಾನು ಮುಂಬೈ ಹತ್ತಿರದ ಡೊಂಬಿವಲಿಯಿಂದ ತಿಂಗಳಿಗೆ ಐದಾರು ಸಲ ಹೊರಡುತ್ತೇನೆ. ಪುಣೆ ಕಡೆಯ ಚಾಕಣ, ರಾಂಜಣಗಾಂವ್, ಇಲ್ಲವೇ ವೆರ್ಣಾ. ಈಗ ಒಂದೂವರೆ ವರ್ಷದಿಂದ ಒಂದೇ ಬ್ಯಾಗು, ತೂಕ ಆರೂವರೆ ಕೆಜಿ ಹತ್ತಿರ. ವಿಮಾನದ ಏಳು ಕೆಜಿ ಕ್ಯಾಬಿನ್ ಲೆಕ್ಕದೊಳಗೇ ಬರುತ್ತದೆ. ಕೈ ಖಾಲಿ ಆಗಿದ್ದು ಒಂದೇ ಸಲ. ಅದನ್ನೂ ಹೇಳುತ್ತೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ನಾನೂ ಟ್ರಾಲಿಯಿಂದಲೇ ಶುರು ಮಾಡಿದ್ದು, ಮೂರು ಸಾವಿರದ ಇನ್ನೂರೋ ಏನೋ ಕೊಟ್ಟಿದ್ದೆ. ದಾದರ್ ಸೇತುವೆಯ ಮೆಟ್ಟಿಲು, ಕಾರ್ಖಾನೆ ಗೇಟಿನ ಕೆಸರು, ಇವೆರಡರ ನಡುವೆ ಏಳು ತಿಂಗಳಲ್ಲಿ ಒಂದು ಚಕ್ರ ಹೋಯಿತು. ಆಮೇಲೆ ಕ್ಯಾಮೆರಾದವರು ಬಳಸುವಂಥ ವೆಲ್ಕ್ರೋ ಗೋಡೆಗಳ ಬ್ಯಾಗು, ನಾಲ್ಕೂವರೆ ಸಾವಿರ. ನೋಡಲು ಬಹಳ ಚಂದ. ಆದರೆ ಖಾಲಿ ಇದ್ದಾಗಲೇ ಎರಡು ಕೆಜಿ ಹತ್ತಿರ ತೂಗುತ್ತಿತ್ತು, ಮತ್ತೆ ಅದರ ದಪ್ಪ ಬೇರೆ. ಬೆಳಿಗ್ಗೆ ಎಂಟೂವರೆಯ ಫಾಸ್ಟ್ ಲೋಕಲ್‌ನಲ್ಲಿ ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಲ್ಲಬೇಕು ಅಲ್ವಾ, ಇಪ್ಪತ್ತು ಸೆಂಟಿಮೀಟರ್‌ಗಿಂತ ದಪ್ಪ ಇದ್ದರೆ ಮುಂದಿನವನಿಗೂ ನಮಗೂ ಠಾಣೆ ಬರುವವರೆಗೆ ಜಗಳವೇ. ಮೂರನೆಯದು ಎಲಾಸ್ಟಿಕ್ ಕುಣಿಕೆಗಳ ಆರ್ಗನೈಸರ್, ಒಂದೊಂದು ಸಾಮಾನಿಗೆ ಒಂದೊಂದು ಜಾಗ ಇರುವಂಥದ್ದು. ಆರು ತಿಂಗಳಿಗೆ ಎಲಾಸ್ಟಿಕ್ ಸಡಿಲ. ಸಣ್ಣಪುಟ್ಟ ಚೀಲ ಎಲ್ಲಾ ಸೇರಿ ಹನ್ನೊಂದು ಸಾವಿರ ಹೋಗಿರಬೇಕು.

ದುಡ್ಡಿಗಿಂತ ದೊಡ್ಡ ತಪ್ಪು ಬೇರೆ ಇತ್ತು. ಎಲ್ಲರ ಹಾಗೆ ನಾನೂ ಜಾತಿವಾರು ಜೋಡಿಸುತ್ತಿದ್ದೆ. ಕೇಬಲ್ಲೆಲ್ಲಾ ಒಂದು ಚೀಲ, ಚಾರ್ಜರೆಲ್ಲಾ ಇನ್ನೊಂದು, ಟೂಲ್ ಮತ್ತೊಂದು. ಮನೆಯಲ್ಲಿ ಮಂಚದ ಮೇಲೆ ಹರಡಿದಾಗ ಬಹಳ ಶಿಸ್ತಾಗಿ ಕಾಣುತ್ತದೆ. ಆದರೆ ರೈಲಿನಲ್ಲಿ ಫೋನ್ ಚಾರ್ಜ್ ಮಾಡಲು ಎರಡು ಚೀಲ ಬಿಚ್ಚಬೇಕು, ಕಾರ್ಖಾನೆಯಲ್ಲಿ ಯಂತ್ರದ ಕಂಟ್ರೋಲ್ ಪ್ಯಾನೆಲ್ ಮುಂದೆ ಕೂತರೆ ಮೂರೂ ಬಿಚ್ಚಬೇಕು. ಬಿಚ್ಚಿದ ಕಡೆಯಲ್ಲೆಲ್ಲಾ ಏನಾದರೂ ಒಂದು ಉಳಿದುಹೋಗುತ್ತದೆ. ಹೀಗೆ ಎರಡು ಒಳ್ಳೆಯ ಕೇಬಲ್, ಒಂದು ಕನ್ವರ್ಟರ್ ಕಳೆದುಕೊಂಡೆ.

ಒಂದು ದಿನ ಮಡಗಾಂವ್ ಪ್ಲಾಟ್‌ಫಾರ್ಮಿನಲ್ಲಿ ಮೂರು ತಾಸು ಕಾಯಬೇಕಾಯಿತು. ಸುಮ್ನೆ ಕೂರುವ ಬದಲು ಚಲನ್‌ನ ಹಿಂಬದಿಯಲ್ಲಿ ಬ್ಯಾಗಿನ ಒಂದೊಂದೇ ಸಾಮಾನು ಬರೆದು, ಅದನ್ನು ಕೊನೆಗೆ ಎಲ್ಲಿ ಹೊರಗೆ ತೆಗೆದಿದ್ದೆ ಅಂತ ಎದುರಿಗೆ ಬರೆದೆ. ಎದುರಿಗೆ ಬಂದಿದ್ದು ಮೂರೇ ಜಾಗ: ರೈಲು, ಪ್ಯಾನೆಲ್, ರೂಮು. ಹದಿನಾಲ್ಕು ಸಾಮಾನಿನ ಎದುರಿಗೆ ಏನೂ ಇರಲಿಲ್ಲ. ಒಂದು ವರ್ಷದಿಂದ ಅವನ್ನು ಸುಮ್ಮನೆ ಹೊತ್ತುಕೊಂಡು ತಿರುಗುತ್ತಿದ್ದೆ.

ಅಲ್ಲಿಂದ ನನ್ನ ಪದ್ಧತಿ ಇಷ್ಟೇ. ಯಾವ ಸಾಮಾನು ಅನ್ನುವುದು ಮುಖ್ಯವಲ್ಲ, ಎಲ್ಲಿ ಬಿಚ್ಚುತ್ತೇನೆ ಅನ್ನುವುದು ಮುಖ್ಯ. ಮೂರು ಚೀಲ. ಕೆಂಪು ರೈಲಿಗೆ, ನೀಲಿ ಪ್ಯಾನೆಲ್‌ಗೆ, ಹಳದಿ ರೂಮಿಗೆ. ಒಂದು ಜಾಗದಲ್ಲಿ ಒಂದೇ ಚೀಲ ಬಿಚ್ಚುವುದು. ಇದಕ್ಕಾಗಿ ಕೇಬಲ್ ಡಬಲ್ ಬೇಕಾದರೆ ಡಬಲ್ ಇರಲಿ, ಮುನ್ನೂರು ರೂಪಾಯಿ ಜಾಸ್ತಿ ಹೋಗಲಿ. ಇದನ್ನು ಕೇಳಿದಾಗ ಸೀನಿಯರ್ "ಭಾರ ಕಮ್ಮಿ ಮಾಡ್ತೀನಿ ಅಂತ ಡಬಲ್ ಒಯ್ತೀಯಲ್ಲೋ" ಅಂದರು. ತಕ್ಕಡಿಯಲ್ಲಿ ತೂಗಿ ತೋರಿಸಿದೆ. ಡಬಲ್ ಇಟ್ಟಿದ್ದರಿಂದ ಏರಿದ್ದು ನೂರೈವತ್ತು ಗ್ರಾಂ, ಹದಿನಾಲ್ಕು ಸಾಮಾನು ಬಿಟ್ಟಿದ್ದರಿಂದ ಇಳಿದಿದ್ದು ಎರಡೂಕಾಲು ಕೆಜಿ. ಚೀಲಗಳನ್ನು ಇಲ್ಲಿಯ ದರ್ಜಿಯೊಬ್ಬರಿಂದ ಛತ್ರಿ ಬಟ್ಟೆಯಲ್ಲಿ ಹೊಲಿಸಿದೆ, ಮೂರಕ್ಕೆ ನಾನೂರು. ಬ್ಯಾಗ್ ಮಾತ್ರ ಮಾಮೂಲಿ, ಒಂದು ಕೆಜಿಗಿಂತ ಕಮ್ಮಿ ತೂಕದ್ದು, ಒಂದು ಸಾವಿರದ ಆರುನೂರಕ್ಕೆ.

ಮೂರು ಟ್ರಿಪ್ ಮುಟ್ಟದ ಸಾಮಾನು ಹೊರಗೆ. ಫ್ಯೂಸ್ ಮತ್ತು ರೆಸಿಸ್ಟರ್ ಡಬ್ಬಿಗೆ ಮಾತ್ರ ಈ ನಿಯಮ ಇಲ್ಲ. ಅದು ಹಳೇ ಮಾತ್ರೆ ಡಬ್ಬಿ, ಎಲ್ಲಾ ಸೇರಿ ಐವತ್ತು ಗ್ರಾಂ ಆಗಲ್ಲ.

ಕೈ ಖಾಲಿ ಆಗಿದ್ದು ಚಾಕಣದಲ್ಲಿ. ಆವತ್ತು ಬೆಳಿಗ್ಗೆ ಕಲ್ಯಾಣದಲ್ಲಿ ಪುಣೆಯ ಇಂದ್ರಾಯಣಿ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆ. ಸೈಟಿನಲ್ಲಿ ಕೇಬಲ್ ಹಾಕಿದರೆ ಲ್ಯಾಪ್‌ಟಾಪಿಗೆ ಪಿಎಲ್‌ಸಿ ಕಾಣುತ್ತಲೇ ಇಲ್ಲ. ಡ್ರೈವರ್ ತೆಗೆದು ಹಾಕಿದೆ, ಪೋರ್ಟ್ ಬದಲಿಸಿದೆ, ಮಧ್ಯಾಹ್ನ ಎರಡಾಯಿತು. ಕೊನೆಗೆ ನೋಡಿದರೆ ಅದು ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್, ಒಳಗೆ ಡೇಟಾ ತಂತಿಯೇ ಇಲ್ಲ. ಕೆಂಪು ಚೀಲದ್ದು ನೀಲಿಗೆ ಬಂದಿತ್ತು. ಮೇಂಟೆನೆನ್ಸ್ ಹುಡುಗನೊಬ್ಬ ತನ್ನ ಫೋನಿನ ಕೇಬಲ್ ಕೊಟ್ಟ, ಅದರಿಂದ ಕೆಲಸ ಆಯಿತು. ಅವತ್ತು ರಾತ್ರಿಯೇ ಮನೆಯಲ್ಲಿದ್ದ ಕೇಬಲ್ಲನ್ನೆಲ್ಲಾ ಹರಡಿಕೊಂಡು ಪರೀಕ್ಷೆ ಮಾಡಿದೆ. ಹೆಂಡತಿಯ ಉಗುರು ಬಣ್ಣ ತೆಗೆದುಕೊಂಡು ಗುರುತು ಹಾಕಿದೆ. ಡೇಟಾ ಬರುವುದಕ್ಕೆ ಒಂದು ಚುಕ್ಕೆ, ಐದು ಆಂಪಿಯರ್ ತಡೆಯುವ ಟೈಪ್-ಸಿಗೆ ಎರಡು ಚುಕ್ಕೆ. ಚುಕ್ಕೆ ಇಲ್ಲದ್ದು ಬ್ಯಾಗಿಗೆ ಬರುವಂತಿಲ್ಲ. ಲ್ಯಾಪ್‌ಟಾಪ್ ಯಾಕೋ ನಿಧಾನ ಚಾರ್ಜ್ ಆಗುತ್ತದೆ ಅನ್ನುವವರೂ ಮೊದಲು ಕೇಬಲ್ ನೋಡಿ. ಮೂರು ಆಂಪಿಯರ್ ಕೇಬಲ್ 60 ವಾಟ್‌ಗೇ ನಿಲ್ಲುತ್ತದೆ, ಮುಂದೆ ನೂರು ವಾಟಿನ ಚಾರ್ಜರ್ ಇಟ್ಟರೂ ಅಷ್ಟೇ.

ಪವರ್ ಬ್ಯಾಂಕ್ ವಿಷಯದಲ್ಲಿ ಬಹಳ ಪೆಟ್ಟು ತಿಂದಿದ್ದೇನೆ. ಒಂದು ಸ್ಟೇಷನ್ ಹೊರಗೆ ಫುಟ್‌ಪಾತಿನಲ್ಲಿ ಆರುನೂರಕ್ಕೆ 20,000 ಎಂಎಎಚ್ ಅಂತ ಕೊಂಡೆ. ಯುಎಸ್‌ಬಿ ಮೀಟರ್ ಹಾಕಿ ಅಳೆದರೆ ಮೂರೂವರೆ ಸಾವಿರವೂ ಕೊಡಲಿಲ್ಲ. ಒಳ್ಳೆಯ ಕಂಪನಿಯ 20,000 ತಂದು ಅಳೆದೆ, ಹನ್ನೆರಡು ಹನ್ನೆರಡೂವರೆ ಸಾವಿರ ಬಂತು. ಅದು ಸರಿಯೇ, ಯಾಕೆಂದರೆ ಒಳಗಿನ ಸೆಲ್ 3.7 ವೋಲ್ಟಿನದು, ನಾವು ತೆಗೆಯುವುದು ಐದರಲ್ಲಿ. ಅದನ್ನು ಒಂದು ವರ್ಷ ಹೊತ್ತೆ. ಆಮೇಲೆ ಒಂದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹಿಡಿದಿಟ್ಟುಕೊಂಡರು. 74 ವಾಟ್-ಅವರ್, ನೂರರ ಒಳಗೇ ಇದೆ, ನಿಯಮದಲ್ಲಿ ಕ್ಯಾಬಿನ್‌ಗೆ ಬಿಡಬೇಕು. ಆದರೆ ಬೆನ್ನ ಮೇಲಿನ ಅಕ್ಷರ ಉಜ್ಜಿ ಉಜ್ಜಿ ಅಳಿಸಿಹೋಗಿತ್ತು, ಎಷ್ಟಿದೆ ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಎರಡು ಸಾವಿರ ಹೋಯಿತು. ಈಗ ಹೊಸದು ತಂದ ದಿನವೇ ಆ ಅಕ್ಷರದ ಮೇಲೆ ಪಾರದರ್ಶಕ ಟೇಪ್ ಅಂಟಿಸುತ್ತೇನೆ.

ಈಗ 10,000ದ ಎರಡು ಇಟ್ಟಿದ್ದೇನೆ, ಒಂದು ಕೆಂಪಿಗೆ, ಒಂದು ನೀಲಿಗೆ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಲ್ಯಾಪ್‌ಟಾಪನ್ನು ಪವರ್ ಬ್ಯಾಂಕಿನಿಂದ ಓಡಿಸುವ ಹುಚ್ಚು ಬಿಟ್ಟೆ. ನಾವು ಕೂರುವುದೇ ಕರೆಂಟಿನ ಪ್ಯಾನೆಲ್ ಮುಂದೆ, ಹೆಚ್ಚಿನವುಗಳಲ್ಲಿ ಒಳಗೇ ಒಂದು ಸಾಕೆಟ್ ಇರುತ್ತದೆ. ಟೆಸ್ಟರ್ ಇಟ್ಟು ನೋಡಿ ಹಾಕಿಕೊಳ್ಳುವುದು. ಸ್ಕ್ರೂಡ್ರೈವರ್, ಟೈಪ್-ಸಿ ಸೋಲ್ಡರಿಂಗ್ ಐರನ್ ಇರುವ ಟ್ರಿಪ್‌ಗಳಿಗೆ ವಿಮಾನ ಬೇಡವೇ ಬೇಡ, ರೈಲೇ ಸರಿ.

ಹೆಚ್ಚಿನ ರೈಲುಗಳ ಸಾಕೆಟ್ 110 ವೋಲ್ಟಿನದು ಅಂತ ನಿಮಗೆ ಗೊತ್ತಿರುತ್ತದೆ, ಈಗಿನ ಚಾರ್ಜರ್‌ಗಳಿಗೆ ಅದೇನೂ ತೊಂದರೆ ಇಲ್ಲ. ತೊಂದರೆ ಇರುವುದು ತೂಕದಲ್ಲಿ. 65 ವಾಟಿನ ಗ್ಯಾನ್ (ಗ್ಯಾಲಿಯಂ ನೈಟ್ರೈಡ್) ಚಾರ್ಜರ್ ಸಣ್ಣದು, ಆದರೆ ಕಲ್ಲಿನ ಹಾಗೆ ಭಾರ. ಸಾವಿರಾರು ಜನ ಚುಚ್ಚಿ ತೆಗೆದ ಸಾಕೆಟ್ಟಿನಲ್ಲಿ ಅದು ನಿಲ್ಲುವುದಿಲ್ಲ, ಗಾಡಿ ಒಮ್ಮೆ ಅಲ್ಲಾಡಿದರೆ ಕಳಚಿ ಬೀಳುತ್ತದೆ. ರತ್ನಾಗಿರಿ ದಾಟುವಷ್ಟರಲ್ಲಿ ನಾಲ್ಕು ಸಲ ಬಿದ್ದಿದ್ದನ್ನು ಎಣಿಸಿದ್ದೇನೆ. ರಬ್ಬರ್ ಬ್ಯಾಂಡ್ ಹಾಕಿ ನೋಡಿದೆ, ಟೇಪ್ ಹಾಕಿ ನೋಡಿದೆ. ಕೊನೆಗೆ ಒಂದಡಿ ಉದ್ದದ ಎರಡು ಪಿನ್ನಿನ ಎಕ್ಸ್‌ಟೆನ್ಷನ್ ನಾನೇ ಮಾಡಿಕೊಂಡೆ. ಹಗುರ ಪಿನ್ ಸಾಕೆಟ್ಟಿನಲ್ಲಿ, ಭಾರದ ಚಾರ್ಜರ್ ಬರ್ತ್ ಮೇಲೆ. ಖರ್ಚು ಎಪ್ಪತ್ತು ರೂಪಾಯಿ. ಇಡೀ ಬ್ಯಾಗಿನಲ್ಲಿ ನನಗೆ ಬಹಳ ಇಷ್ಟದ ಸಾಮಾನು ಅದು. ರಾತ್ರಿ ರೈಲಿನಲ್ಲಿ ಮಲಗುವ ಮುಂಚೆಯೇ ಚಾರ್ಜ್ ಮುಗಿಸಿಕೊಳ್ಳಿ, ಹನ್ನೊಂದರ ಮೇಲೆ ಸಾಕೆಟ್ ಬಂದ್ ಮಾಡುವುದುಂಟು.

ಇನ್ನು ಮಳೆ. ರೇನ್ ಕವರ್ ಅನ್ನುವುದು ನಮ್ಮ ಕಡೆಯ ಮಳೆಗೆ ಸಾಲುವುದಿಲ್ಲ. ಬೆನ್ನಿಗೆ ತಾಗುವ ಕಡೆ ಅದು ತೆರೆದೇ ಇರುತ್ತದೆ, ಕತ್ತಿನಿಂದ ಇಳಿದ ನೀರು ನೇರ ಲ್ಯಾಪ್‌ಟಾಪ್ ಇರುವ ಕಡೆಗೇ ಹೋಗುತ್ತದೆ. ಹಾಗೆ ಒಂದು ಕೀಬೋರ್ಡ್ ಹೋಯಿತು, ರಿಪೇರಿ ಎರಡೂವರೆ ಸಾವಿರ. ಈಗ ಹೊರಗೆ ಏನೂ ಹಾಕುವುದಿಲ್ಲ, ಒಳಗೆ ಹಾಕುತ್ತೇನೆ. ಔಷಧ ಕಾರ್ಖಾನೆಗಳಲ್ಲಿ ಡ್ರಮ್ಮಿನೊಳಗೆ ದಪ್ಪ ಪ್ಲಾಸ್ಟಿಕ್ ಲೈನರ್ ಹಾಕುತ್ತಾರೆ. ಸ್ಟೋರಿನವರನ್ನು ಕೇಳಿ ಬಳಸದ ಎರಡು ತಂದೆ. ಬ್ಯಾಗಿನೊಳಗೆ ಅದನ್ನು ಹರಡಿ, ಎಲ್ಲಾ ತುಂಬಿ, ಬಾಯಿ ಮೂರು ಸುತ್ತು ಸುತ್ತಿ ಕ್ಲಿಪ್ ಹಾಕುವುದು. ಜುಲೈ, ಆಗಸ್ಟ್ ಎರಡೂ ದಾಟಿತು, ಒಂದು ಹನಿ ಒಳಗೆ ಬಂದಿಲ್ಲ.

ಆದರೆ ನೀರು ಬರದಿದ್ದರೂ ತೇವ ಬರುತ್ತದೆ. ಗೋವಾದಲ್ಲಿ ನಾಲ್ಕು ದಿನ ಇದ್ದು ಬಂದರೆ ಕನೆಕ್ಟರ್ ಪಿನ್ ಮೇಲೆ ಹಸಿರು ಬರಲು ಶುರು. ಇದಕ್ಕೆ ಒಂದಿಷ್ಟು ಪ್ರಯೋಗ ಮಾಡಿದೆ. ಅಕ್ಕಿ ಗಂಟು ಕಟ್ಟಿ ಇಟ್ಟೆ, ಉಪಯೋಗ ಇಲ್ಲ, ಹುಳ ಬಂತು. ಸಿಲಿಕಾ ಜೆಲ್ ಅರ್ಧ ಕೆಜಿ ತಂದು ಹಳೆಯ ಪಂಚೆ ಬಟ್ಟೆಯಲ್ಲಿ ಸಣ್ಣ ಸಣ್ಣ ಗಂಟು ಮಾಡಿದೆ, ಕಿತ್ತಳೆ ಬಣ್ಣದ್ದು. ಇನ್ನೂರೈವತ್ತರ ತೇವಾಂಶ ಮೀಟರ್ ಒಳಗಿಟ್ಟು ನೋಡಿದರೆ ಸಂಜೆ ಶೇಕಡಾ 80ರ ಮೇಲಿದ್ದದ್ದು ಬೆಳಿಗ್ಗೆ 55ರ ಹತ್ತಿರ. ಬಣ್ಣ ತಿರುಗಿದಾಗ ಗಂಟು ಬಿಚ್ಚಿ ಹಳೇ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಹೊಸದರ ಹಾಗೆ. ಆ ಹಂಚನ್ನು ಅಡುಗೆಗೆ ಮತ್ತೆ ಬಳಸಬೇಡಿ. ಗಂಟುಗಳನ್ನು ಎಷ್ಟು, ಎಲ್ಲೆಲ್ಲಿ ಇಡುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಹಿಡಿಯಲು ನನಗೆ ಎರಡು ಮಳೆಗಾಲ ಬೇಕಾಯಿತು.

ಕೇಬಲ್ ಕಟ್ಟಲು ಸೈಕಲ್ ಟ್ಯೂಬ್ ಕತ್ತರಿಸಿದ ಉಂಗುರ. ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ, ವೆಲ್ಕ್ರೋಗಿಂತ ಜಾಸ್ತಿ ಬಾಳುತ್ತದೆ. ಕನ್ವರ್ಟರ್‌ಗಳು ಅಡಿಕೆ ಎಲೆ ಇಡುವ ಸ್ಟೀಲ್ ಡಬ್ಬಿಯಲ್ಲಿ. ಧಾರವಾಡದಿಂದ ಅವ್ವ ಕಳಿಸುವ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಲೈನರ್‌ನ ಹೊರಗೆ, ಮುಂದಿನ ಖಾನೆಯಲ್ಲಿ. ಒಮ್ಮೆ ಹಿಂಡಿಯ ಎಣ್ಣೆ ಇಳಿದು ಒಂದು ಸೀರಿಯಲ್ ಕೇಬಲ್ ಹಾಳಾಗಿದೆ, ಆದರೂ ಹಿಂಡಿ ಬಿಡುವ ಮಾತೇ ಇಲ್ಲ.

ಖರೀದಿಗೆ ಮುಂಬೈಯಲ್ಲಿ ಗ್ರ್ಯಾಂಟ್ ರೋಡ್ ಸ್ಟೇಷನ್ ಇಳಿದು ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಾದರೆ ಬುಧವಾರ ಪೇಠೆಯ ತಪಕೀರ್ ಗಲ್ಲಿ. ಕನ್ವರ್ಟರ್ ಕೊಳ್ಳುವಾಗ ಲ್ಯಾಪ್‌ಟಾಪ್ ಜೊತೆಗೇ ಇರಲಿ, ಅಂಗಡಿಯಲ್ಲೇ ಹಾಕಿ ನೋಡಿ. ನಕಲಿ ಚಿಪ್‌ನದು ನಾನೂರಕ್ಕೆ ಸಿಗುತ್ತದೆ, ಮುಂದಿನ ವಿಂಡೋಸ್ ಅಪ್‌ಡೇಟಿಗೆ ಸತ್ತರೂ ಸಾಯಬಹುದು. ನಾನು ಸಾವಿರದ ನಾನೂರು ಕೊಟ್ಟು ಒಳ್ಳೆಯದು ತಂದೆ, ಎರಡು ವರ್ಷ ಆಯಿತು. ಯಾವ ಅಂಗಡಿ ಅಂತ ಕೇಳಬೇಡಿ. ಅವರ ಹತ್ತಿರ ಸ್ಟಾಕ್ ಕಮ್ಮಿ ಇರುತ್ತದೆ.

ಸೀನಿಯರ್ ಹೋದ ತಿಂಗಳು ವೆರ್ಣಾಕ್ಕೆ ನನ್ನ ಜೊತೆ ಬಂದಿದ್ದರು. ಮಡಗಾಂವ್‌ನಲ್ಲಿ ಇಳಿದಾಗ ಅವರ ಟ್ರಾಲಿಯ ಹಿಡಿ ಕಿತ್ತು ಕೈಗೆ ಬಂತು. ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ನನ್ನ ಒಂದಡಿ ಎಕ್ಸ್‌ಟೆನ್ಷನ್ ಹಾಕಿಕೊಂಡು ಫೋನ್ ಚಾರ್ಜ್ ಮಾಡಿದರು. ಆಮೇಲೆ ಚಲನ್ ಪುಸ್ತಕದಿಂದ ಒಂದು ಹಾಳೆ ಹರಿದು ತಮ್ಮ ಸಾಮಾನು ಬರೆಯಲು ಕೂತರು. ಚಿಪಳೂಣ್ ಬರುವ ಹೊತ್ತಿಗೆ ಅರವತ್ತೆರಡು ಆಗಿತ್ತು, ಇನ್ನೂ ಬರೆಯುತ್ತಿದ್ದರು.